ಗಾಲಿ ಮೇಲಿನ ಒಲೆ

ಮೋಹನದಾಸ್ ಶೆಟ್ಟರು ಬೇರೆಯವರ ಹೋಟೆಲಿನಲ್ಲಿ ನೀರು ಕೂಡ ಕುಡಿದವರಲ್ಲ. ಪುಣೆಯ ಕೋಥರೂಡಿನ ಅವರ ಹೋಟೆಲಿಗೆ ದಿನಾ ಬರುವ ಗಿರಾಕಿಗಳು ಅದನ್ನು ಶೆಟ್ಟರ ದೊಡ್ಡಸ್ತಿಕೆ ಎಂದುಕೊಂಡಿದ್ದರು. ದೊಡ್ಡಸ್ತಿಕೆಯೂ ಅಲ್ಲ, ಮಣ್ಣೂ ಅಲ್ಲ, ಬರೀ ಸಂಶಯ. ಎಣ್ಣೆ ಎಷ್ಟು ಸಲ ಕಾಯಿಸಿದ್ದು, ಚಟ್ನಿ ಎಂದು ಅರೆದದ್ದು, ಲೋಟ ಎಂಥ ನೀರಿನಲ್ಲಿ ತೊಳೆದದ್ದು ಎಂಬುದು ಹೋಟೆಲು ನಡೆಸಿದವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಮದುವೆಗೆ ಹೋದರೂ ಮೊದಲು ಅಡುಗೆಯವರ ಕಡೆ ಒಂದು ಸುತ್ತು ಹಾಕಿ, ಮೂಗು ಮುರಿದು, ಮೊಸರನ್ನ ಮಾತ್ರ ಉಂಡು ಏಳುವ ಮನುಷ್ಯ. ಹೀಗಾಗಿ ಹೆಂಡತಿ ಲೀಲಾಕ್ಷಿ ಪುಣೆಗೆ ಬಂದು ಕೂದಲು ನರೆತರೂ ಒಂದು ಘಟ್ಟ, ಒಂದು ಕೋಟೆ ಕಂಡವಳಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು. ಅಷ್ಟರೊಳಗೆ ನೋಡಿ ಬರಬಹುದಾದದ್ದನ್ನೆಲ್ಲ ಅವಳು ಯಾವತ್ತೋ ನೋಡಿ ಮುಗಿಸಿದ್ದಳು.

ಅಂಥವರ ಬೆನ್ನ ಹಿಂದೆಯೇ, ಹೋಟೆಲಿನ ಹಿಂಬದಿಯ ಶೆಡ್ಡಿನಲ್ಲಿ, ಅಳಿಯ ಪೃಥ್ವಿರಾಜ್ ಒಂದು ಬಂಡಿ ಕಟ್ಟತೊಡಗಿದ. ಅಳಿಯನೆಂದರೆ ಅಕ್ಕನ ಮಗ. ಮಕ್ಕಳಿಲ್ಲದ ಶೆಟ್ಟರು ಅವನನ್ನು ಹೈಸ್ಕೂಲು ಮುಗಿದ ಕೂಡಲೇ ಕಾರ್ಕಳದಿಂದ ಕರೆತಂದು, ಗಲ್ಲಾದ ಪಕ್ಕದಲ್ಲಿ ನಿಲ್ಲಿಸಿಕೊಂಡು ಬೆಳೆಸಿದ್ದರು. ಈ ಸಲದ ಆಯುಧಪೂಜೆಯಿಂದ ಗಲ್ಲಾದ ಕುರ್ಚಿ ಅವನದು, ತಾನು ಇನ್ನು ವಿಶ್ರಾಂತಿ ತೆಗೆದುಕೊಳ್ಳುವವ ಎಂದು ಎಲ್ಲರೆದುರು ಹೇಳಿಯೂ ಬಿಟ್ಟಿದ್ದರು.

ಮನೆಯ ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಬಂಡಿ, ಡಾಂಬರಿಲ್ಲದ ಗುಡ್ಡದ ದಾರಿಯಲ್ಲೂ ಹೋಗಬಲ್ಲದ್ದು, ಒಳಗೆ ಇಬ್ಬರು ಮಲಗಬಹುದು ಎಂದು ಪೃಥ್ವಿರಾಜ್ ವಿವರಿಸಿದ. ಗುಜರಿ ಸಾಮಾನಿನ ಜೂನಾ ಬಜಾರಿನಿಂದ ಹಳೆ ಜೀಪಿನ ಆ್ಯಕ್ಸಲು, ಅದರದೇ ಪಟ್ಟಿ ಸ್ಪ್ರಿಂಗು ತಂದ. ಊಟದ ಗದ್ದಲ ಮುಗಿದ ಮೇಲೆ ಬಾಡಿಗೆಯ ವೆಲ್ಡಿಂಗ್ ಯಂತ್ರ ಹಿಡಿದು ಚೌಕ ಪೈಪುಗಳನ್ನು ಬೆಸೆದ. ಜೀಪಿಗಿರುವಂಥದೇ ದೊಡ್ಡ ಗಾಲಿ ಹಾಕಿ, ಕಲ್ಲು ತಾಗದಷ್ಟು ಎತ್ತರಕ್ಕೆ ಚೌಕಟ್ಟು ನಿಲ್ಲಿಸಿದ. ಮನೆಯಲ್ಲಿ ಒಳ್ಳೆಯ ಹಾಸಿಗೆ ಇರುವಾಗ ಕಾಡಿಗೆ ಹೋಗಿ ಪೆಟ್ಟಿಗೆಯಲ್ಲಿ ಯಾಕೆ ಮಲಗಬೇಕೆಂದು ಶೆಟ್ಟರಿಗೆ ಅರ್ಥವಾಗಲಿಲ್ಲ. ಆದರೂ ಹುಡುಗಾಟವೆಂದು ಸುಮ್ಮನಿದ್ದರು.

ಅವರ ತಲೆಗೆ ಹುಳ ಬಿಟ್ಟವನು ದೋಸೆ ಭಟ್ಟಿಯ ಈರಣ್ಣ. ಧಾರವಾಡದ ಕಡೆಯವನು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಾರ. ಕಾವಲಿಗೆ ನೀರು ಚಿಮುಕಿಸುತ್ತ ಅವನು ಹೇಳಿದ:

"ಅಣ್ಣಾರ, ದ್ವಾಸಿ ಹಿಟ್ಟು ಫ್ರಿಜ್ ಇಲ್ದ ಎಷ್ಟೊತ್ತು ತಡಿತದ ಅಂತ ಕೇಳ್ಯಾರ್ರೀ ಪೃಥ್ವಿರಾಜಣ್ಣಾರು. ಭಾಳ ಹುಳಿ ಬರಬಾರದಂತ."

ಶೆಟ್ಟರ ಕಿವಿ ನೆಟ್ಟಗಾಯಿತು. ಮಲಗಲು ಹೋಗುವವನಿಗೆ ಹಿಟ್ಟಿನ ಚಿಂತೆ ಯಾಕೆ? ಮರುದಿನ ಮಧ್ಯಾಹ್ನ ಪೃಥ್ವಿರಾಜ್ ಪೇಂಟು ತರಲು ಹೋದದ್ದೇ ತಡ, ಅವರು ಶೆಡ್ಡಿಗೆ ನುಗ್ಗಿದರು.

ಬಂಡಿಯ ಹಿಂಭಾಗಕ್ಕೆ ಒಂದು ಅಗಲವಾದ ಬಾಗಿಲಿತ್ತು. ಎತ್ತಿದರೆ ಮೇಲಕ್ಕೆ ಹೋಗಿ ಮಾಡಿನಂತೆ ನಿಂತಿತು. ಒಳಗೆ ಹಾಸಿಗೆಯಿರಲಿಲ್ಲ, ಅದು ಆಚೆ ಮುಂಭಾಗದಲ್ಲಿತ್ತು. ಇಲ್ಲಿದ್ದದ್ದು ಸ್ಟೀಲಿನ ಕಟ್ಟೆ, ಎರಡು ಬರ್ನರಿನ ಒಲೆ, ಗ್ಯಾಸು ಸಿಲಿಂಡರಿಗೆ ಗೂಡು, ನಲ್ಲಿ ಹಚ್ಚಿದ ನೀರಿನ ಟಾಕಿ, ಡಬ್ಬಗಳಿಗೆ ಅಳತೆ ಮಾಡಿ ಕೂರಿಸಿದ ಖಾನೆಗಳು. ಶೆಟ್ಟರು ಒಲೆಯ ಮುಂದೆ ನಿಂತು ನೋಡಿದರು. ಕೈ ಚಾಚಿದರೆ ಎಣ್ಣೆಯ ಜಾಗ, ತಿರುಗಿದರೆ ನೀರು, ಒಂದು ಹೆಜ್ಜೆಯೂ ಇಡಬೇಕಾಗಿಲ್ಲ. ಇಷ್ಟು ಒಪ್ಪವಾದ ಅಡುಗೆ ಕಟ್ಟೆ ಅವರ ಸ್ವಂತ ಹೋಟೆಲಿನಲ್ಲೂ ಇರಲಿಲ್ಲ. ಇದು ಮಲಗುವ ಬಂಡಿಯಲ್ಲ, ಹೋಟೆಲು.

ಹಿಂದೊಮ್ಮೆ ಒಬ್ಬ ಅಡುಗೆ ಭಟ್ಟ ಹೀಗೇ ಮುಗುಳ್ನಗುತ್ತಲೇ ಇದ್ದು, ಒಂದು ಸೋಮವಾರ ಎದುರಿನ ಗಲ್ಲಿಯಲ್ಲಿ ಇವರದೇ ಚಟ್ನಿಯ ರುಚಿಯೊಡನೆ ಗಾಡಿ ಹಾಕಿದ್ದ. ಹೋಗುವವರು ಹೇಳಿ ಹೋಗುವುದಿಲ್ಲ ಎಂದು ಆವತ್ತೇ ಶೆಟ್ಟರಿಗೆ ಮನವರಿಕೆಯಾಗಿತ್ತು. ಗುಡ್ಡದ ದಾರಿಯ ಗುಟ್ಟೂ ಈಗ ಬಯಲಾಯಿತು. ಶನಿವಾರ ಭಾನುವಾರ ಬಂದರೆ ಖರಾಡಿ, ಮಗರಪಟ್ಟಾದ ಸಾಫ್ಟ್‌ವೇರ್ ಕಂಪನಿಯವರೆಲ್ಲ ಗುಡ್ಡ ಹತ್ತುತ್ತಾರೆ. ಹತ್ತಿದವರಿಗೆ ಹಸಿವಾಗುತ್ತದೆ. ಮೇಲೆ ಬಿಸಿ ದೋಸೆ ಹುಯ್ಯುತ್ತ ನಿಂತವನಿಗೆ ಬಾಡಿಗೆಯೂ ಇಲ್ಲ, ಪೈಪೋಟಿಯೂ ಇಲ್ಲ. ಎಂಥ ತಲೆ ಮಗನದು ಎಂದು ಒಳಗೊಳಗೇ ಮೆಚ್ಚಿದರು, ಮೆಚ್ಚಿದ್ದಕ್ಕೆ ಇನ್ನಷ್ಟು ಸಿಟ್ಟುಗೊಂಡರು. ಮಡಚುವ ಕುರ್ಚಿ ಎರಡೇ ಇದ್ದವು. ಉಳಿದ ಗಿರಾಕಿಗಳು ನಿಂತು ತಿನ್ನಲಿ ಎಂದಿರಬೇಕು.

ಬಾಗಿಲು ಇಳಿಸುವಾಗ ಒಂದು ಖಾನೆಯಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರು ಕಂಡಿತು. ಅಂಚು ನೆಗ್ಗಿದ್ದು, ಅವರ ಮನೆಯದೇ. ಹಾಗಾದರೆ ಲೀಲಾಕ್ಷಿಯೂ ಇದರಲ್ಲಿದ್ದಾಳೆ. ರಾತ್ರಿ ಉಣ್ಣುವಾಗ ಅವರು ಫಿಲ್ಟರು ಎಲ್ಲಿ ಎಂದು ಕೇಳಿದರು. ಕಲಾಯಿಗೆ ಕೊಟ್ಟಿದ್ದೇನೆ ಎಂದಳು ಲೀಲಾಕ್ಷಿ, ಮುಖ ಎತ್ತದೆ ಸಾರು ಬಡಿಸುತ್ತ. ಇಷ್ಟು ವರ್ಷ ಜೊತೆಗೆ ಬಾಳಿದವಳು ಎಷ್ಟು ಸಲೀಸಾಗಿ ಸುಳ್ಳು ಹೇಳಿದಳು ಎಂದುಕೊಂಡು ಶೆಟ್ಟರು ಅರ್ಧ ಊಟಕ್ಕೇ ಕೈ ತೊಳೆದರು. ಅಳಿಯ ಹೋದರೆ ಹೋಗಲಿ ಎನ್ನಬಹುದಿತ್ತು. ಹೆಂಡತಿಯೂ ಅವನ ಕಡೆಯಾದದ್ದು ನಿಜಕ್ಕೂ ನೋಯಿಸಿತು.

ನೇರವಾಗಿ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಶಯದವರು ನೇರವಾಗಿ ಕೇಳುವುದುಂಟೇ? ಮರುದಿನ ಹಾಲಿನ ಲೆಕ್ಕದ ನಡುವೆ ಏನೋ ನೆನಪಾದವರಂತೆ, ಬಂಡಿಯನ್ನು ಕೊನೆಗೆ ಎಲ್ಲಿ ನಿಲ್ಲಿಸುವುದು ಎಂದು ಕೇಳಿದರು.

"ಜಾಗ ನೋಡಿಟ್ಟಿದ್ದೇನೆ ಮಾವ. ವೆಲ್ಹೆಯ ಗುಡ್ಡದ ಕಡೆ, ನೀರಿನ ಹತ್ತಿರ. ಒಳ್ಳೆ ನೆರಳುಂಟು," ಎಂದು ಪೃಥ್ವಿರಾಜ್ ನಕ್ಕ.

ಜಾಗವನ್ನೂ ನೋಡಿಟ್ಟಿದ್ದಾನೆ. ಇನ್ನೇನು ಉಳಿಯಿತು? ಅಂದಿನಿಂದ ಶೆಟ್ಟರು ಮೈಯೆಲ್ಲ ಕಣ್ಣಾಗಿ ಕೂತರು. ಪೃಥ್ವಿರಾಜ್ ಗಿರಾಕಿಯೊಡನೆ ಮರಾಠಿಯಲ್ಲಿ ನಾಲ್ಕು ಮಾತು ಹೆಚ್ಚು ಆಡಿದರೆ ಗಿರಾಕಿಯನ್ನು ಒಲಿಸಿಕೊಳ್ಳುತ್ತಿದ್ದಾನೆ ಎನಿಸಿತು. ಸುಮ್ಮನಿದ್ದರೆ ಒಳಗೊಳಗೇ ಏನೋ ಹೂಡುತ್ತಿದ್ದಾನೆ ಎನಿಸಿತು. ಸಾಂಬಾರಿನ ಪುಡಿಯನ್ನು ಅವರು ಅಳಿಯನಿಲ್ಲದ ಹೊತ್ತು ನೋಡಿ ತಾವೇ ಬೆರೆಸತೊಡಗಿದರು.

ಆಯುಧಪೂಜೆಯ ಬೆಳಿಗ್ಗೆ ಹೋಟೆಲಿನಲ್ಲಿ ಗ್ರೈಂಡರಿಗೆ, ಕಾವಲಿಗೆ, ಫ್ರಿಜ್ಜಿಗೆ, ತಕ್ಕಡಿಗೆ ಎಲ್ಲಕ್ಕೂ ಚೆಂಡುಹೂವಿನ ಮಾಲೆ ಬಿತ್ತು. ಬಾಗಿಲಿನೆದುರು ಜೀಪು ನಿಂತಿತ್ತು. ಅದರ ಹಿಂದೆ ಹಸಿರು ಬಣ್ಣ ಬಳಿದ ಬಂಡಿ, ಗಾಲಿಗಳ ಕೆಳಗೆ ನಿಂಬೆಹಣ್ಣು. ಪೃಥ್ವಿರಾಜ್ ಹೊಸ ಅಂಗಿ ತೊಟ್ಟು, ಪಕ್ಕದಲ್ಲಿ ಹೆಂಡತಿ ಹರ್ಷಾಳನ್ನು ನಿಲ್ಲಿಸಿಕೊಂಡು, ಮಾವನ ಮುಖವನ್ನೇ ನೋಡುತ್ತಿದ್ದ. ಆರತಿ ಮುಗಿಯಿತು. ಶೆಟ್ಟರು ಗಲ್ಲಾದ ಬೀಗದ ಕೈಯನ್ನು ಕುಂಕುಮ ಹಚ್ಚಿದ ತಟ್ಟೆಯಿಂದ ಎತ್ತಿದರು. ಅಳಿಯನನ್ನು ದಾಟಿ ಹೋಗಿ, ತರಕಾರಿ ಖರೀದಿ ನೋಡುವ ದೂರದ ಸಂಬಂಧಿ ಸುಹಾಸನ ಕೈಗೆ ಅದನ್ನಿಟ್ಟು, ಇನ್ನು ಮುಂದೆ ಕುರ್ಚಿ ಇವನದು ಎಂದರು.

ಕಕ್ಕಾಬಿಕ್ಕಿಯಾದ ಸುಹಾಸ ಶೆಟ್ಟರ ಕಾಲಿಗೆರಗಿ, ಎದ್ದು, ಹೋಗಿ ಕುರ್ಚಿಯಲ್ಲಿ ಕೂತೇಬಿಟ್ಟ. ಅಷ್ಟು ಬೇಗ ಕೂರಬಾರದಿತ್ತು ಎಂದು ಶೆಟ್ಟರಿಗೆ ಆ ಕ್ಷಣದಲ್ಲೇ ಅನಿಸಿತು.

ಮೊದಲು ಬಾಯಿ ತೆರೆದವಳು ಲೀಲಾಕ್ಷಿ. ಅವಳು ಹೋಗಿ ಬಂಡಿಯ ಹಿಂಬಾಗಿಲನ್ನು ತಾನೇ ಎತ್ತಿ ನಿಲ್ಲಿಸಿದಳು.

"ಇದು ಯಾರಿಗೆ ಅಂತ ತಿಳಿದುಕೊಂಡಿರಿ? ನಿಮಗೆ ಮಾಡಿದ್ದು. ನೀವು ಯಾರ ಹೋಟೆಲಲ್ಲೂ ಉಣ್ಣುವುದಿಲ್ಲ, ಅದಕ್ಕೇ ಒಲೆ. ಹೊರಗಿನ ನೀರು ಕುಡಿಯುವುದಿಲ್ಲ, ಅದಕ್ಕೇ ಟಾಕಿ. ಮೊದಲೇ ಹೇಳಿದರೆ ನೂರೆಂಟು ಕೊಂಕು ತೆಗೀತೀರಿ, ಪೂಜೆಯ ದಿನ ಎದುರಿಗೇ ನಿಲ್ಲಿಸುವ ಅಂತ ನಾನೇ ಹೇಳಿದ್ದು."

ಎರಡು ಕುರ್ಚಿ. ಶೆಟ್ಟರಿಗೆ ಈಗ ಆ ಎರಡೇ ಕುರ್ಚಿಗಳ ಲೆಕ್ಕ ಸಿಕ್ಕಿತು. ನಾಚಿಕೆಯಿಂದ ಮೈ ಬಿಸಿಯಾಯಿತು. ಅವರು ಸುಹಾಸನ ಕಡೆ ನೋಡಿದರು. ಅವನು ಆಗಲೇ ಗಲ್ಲಾದ ಬೀಗ ತೆರೆದು ಚಿಲ್ಲರೆ ಜೋಡಿಸುತ್ತಿದ್ದ. ದೀಪದ ಮುಂದೆ, ಹತ್ತು ಜನರೆದುರು ಕೊಟ್ಟ ಬೀಗದ ಕೈಯನ್ನು ಹಿಂದಕ್ಕೆ ಕೇಳುವುದು ಹೇಗೆ? ಪೃಥ್ವಿರಾಜನಿಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಮೆಲ್ಲಗೆ ಕೇಳಿದ:

"ನಾನು ಗಲ್ಲಾ ನೋಡಿಕೊಳ್ಳುವುದು, ನೀವಿಬ್ಬರು ತಿರುಗಿ ಬರುವುದು ಅಂತ ಇತ್ತು ಮಾವ. ಈಗ ಸುಹಾಸನನ್ನು ನಂಬಿ ನೀವು ಎರಡು ದಿನ ಹೋಗ್ತೀರಾ?"

ಉತ್ತರ ಎಲ್ಲರಿಗೂ ಗೊತ್ತಿತ್ತು.

ದಸರೆಯ ಮರುದಿನ ಬಂಡಿ ಹೊರಟಿತು. ಅತ್ತೆ ಮತ್ತು ಹರ್ಷಾ ಬಂಡಿಯಲ್ಲಿ ಮಲಗುವುದು, ತಾನು ಜೀಪಿನಲ್ಲಿ ಎಂದು ಪೃಥ್ವಿರಾಜ್ ಹೇಳಿದ. ಗಲ್ಲಾದ ಮಾತು ಎತ್ತಲೇ ಇಲ್ಲ. ಶೆಟ್ಟರು ತಾವೇ ಟಾಕಿಗೆ ಹೋಟೆಲಿನ ಫಿಲ್ಟರ್ ನೀರು ತುಂಬಿಸಿದರು. ಹಿಟ್ಟಿನ ಡಬ್ಬ, ಚಟ್ನಿಪುಡಿ, ಹೊಸ ಎಣ್ಣೆ ಎಲ್ಲ ಖಾನೆಗಳಲ್ಲಿ ಜೋಡಿಸಿದರು. ಎಲ್ಲವೂ ಅಳತೆಗೆ ಸರಿಯಾಗಿ ಕೂತವು. ಹೊರಗಡೆ ಏನೂ ತಿನ್ನಬೇಡಿ ಎಂದು ಮೂರು ಸಲ ಹೇಳಿದರು. ಲೀಲಾಕ್ಷಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡಳು. ಜೀಪು ತಿರುವು ದಾಟುವವರೆಗೆ ಅವಳು ತಿರುಗಿ ನೋಡಲಿಲ್ಲ.

ಆ ದಿನವಿಡೀ ಶೆಟ್ಟರು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಸುಹಾಸನ ಕೈಯನ್ನೇ ನೋಡಿದರು. ಅವನು ಒಮ್ಮೆ ಜೇಬಿಗೆ ಕೈ ಹಾಕಿದ. ಕರವಸ್ತ್ರ ತೆಗೆದ, ಬೆವರು ಒರೆಸಿಕೊಂಡ. ಶೆಟ್ಟರು ಕರವಸ್ತ್ರ ಮರಳಿ ಜೇಬು ಸೇರುವವರೆಗೆ ಕಣ್ಣು ಕೀಳಲಿಲ್ಲ.

ಮಧ್ಯಾಹ್ನ ಕಳೆದು ಲೀಲಾಕ್ಷಿಯ ಫೋನು ಬಂತು. ಗಾಳಿಯ ಸದ್ದು, ಯಾರೋ ನಗುವ ಸದ್ದು. ತಾನು ನೀರಿನ ಪಕ್ಕದಲ್ಲೇ ಕೂತಿದ್ದೇನೆ, ಕಣ್ಣು ಹಾಯುವವರೆಗೂ ಹಸಿರು ಎಂದಳು. ಇಷ್ಟು ಹಗುರಾದ ಅವಳ ದನಿಯನ್ನು ಶೆಟ್ಟರು ಕೇಳಿ ಬಹಳ ಕಾಲವಾಗಿತ್ತು. ಒಲೆ ಸರಿಯಾಗಿ ಉರಿಯಿತಾ, ಹಿಟ್ಟು ಹುಳಿ ಬರಲಿಲ್ಲ ತಾನೆ ಎಂದು ಅವರು ಕೇಳಿದರು.

"ಒಲೆ ಹಚ್ಚಲೇ ಇಲ್ಲ ಮಾರಾಯ್ರೆ," ಎಂದಳು ಲೀಲಾಕ್ಷಿ. "ದಾರಿಯಲ್ಲಿ ಒಬ್ಬಳ ಗುಡಿಸಲಲ್ಲಿ ಕಡಲೆಹಿಟ್ಟಿನ ಪಿಠಲ, ಜೋಳದ ಭಾಕ್ರಿ ತಿಂದೆವು. ಎಷ್ಟು ರುಚಿಯಿತ್ತು ಗೊತ್ತುಂಟಾ?"

ನೀರನ್ನಾದರೂ ನಮ್ಮದೇ ಕುಡಿದಿರಿ ತಾನೆ ಎಂದು ಕೇಳಲು ಶೆಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ಗಲ್ಲಾದ ಡ್ರಾಯರು ಎಳೆದ ಸದ್ದಾಯಿತು. ಫೋನು ಕಿವಿಯಲ್ಲಿದ್ದಂತೆಯೇ ಅವರು ಆ ಕಡೆ ತಿರುಗಿದರು.