ಮೊದಲು ಜಾಗ, ಆಮೇಲೆ ಮಾತು

ನನ್ನ ಗಂಡ ಮೂವತ್ತು ವರ್ಷ ನಿಘಂಟು ಕಚೇರಿಯಲ್ಲಿ ಕೂತು ಪದಗಳ ಹುಟ್ಟು ಹುಡುಕಿದವರು. ಮನೆಯಲ್ಲಿ ಮಾತ್ರ ಅವರ ಬಾಯಿಂದ ಒಂದು ಪದ ಉದುರಿದರೆ ಹೆಚ್ಚು. ಒಂದೂವರೆ ಕೋಣೆಯಲ್ಲಿ ಅತ್ತೆ, ನಾದಿನಿ, ಮಕ್ಕಳು. ನಮ್ಮ ಜಗಳ ಕೂಡ ಕಣ್ಣಲ್ಲೇ ಮುಗಿಯಬೇಕಿತ್ತು. ಮೂರು ಮಕ್ಕಳು ಹೇಗಾದವೋ ದೇವರೇ ಬಲ್ಲ.

ಈಗ ಅವರು ಎಂಟು ಹಾಸಿಗೆಯ ವಾರ್ಡಿನಲ್ಲಿ ಮಲಗಿದ್ದರು. ಶ್ವಾಸಕೋಶ ಕೈಕೊಟ್ಟಿತ್ತು. ಸೋಮವಾರ ಸಂಜೆ ನನ್ನ ಕೈ ಹಿಡಿದು, "ನಿನಗೊಂದು ಮಾತು ಹೇಳ್ಬೇಕು ಕಣೇ. ನಲವತ್ತು ವರ್ಷದಿಂದ ಒಳಗೇ ಇದೆ" ಅಂದರು.

"ಹೇಳ್ರೀ, ಕೇಳ್ತಿದೀನಲ್ಲ."

ಪಕ್ಕದ ಹಾಸಿಗೆಯ ಬಸ್ ಕಂಡಕ್ಟರ್ ಕಿವಿ ನೆಟ್ಟಗೆ ಮಾಡಿಕೊಂಡರು. ಇವರು ತಲೆಯಾಡಿಸಿದರು.

"ಇಲ್ಲಿ ಬೇಡ. ರಹಸ್ಯ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ರಹಸ್ ಅಂದ್ರೆ ಬೇರೆ ಯಾರೂ ಇಲ್ಲದ ಜಾಗ. ಅಲ್ಲಿ ಆಡೋ ಮಾತು ರಹಸ್ಯ. ಗುರು ಶಿಷ್ಯನಿಗೆ ಹೇಳಿಕೊಡೋ ಪವಿತ್ರ ಮಾತಿಗೂ ಅದೇ ಹೆಸರು. ಮೊದಲು ಜಾಗ, ಆಮೇಲೆ ಮಾತು."

"ಈ ಸ್ಥಿತೀಲೂ ನಿಮಗೆ ನಿಘಂಟೇ ಬೇಕಾ?" ಎಂದು ರೇಗಿದೆ.

ಮರುದಿನ ಅವರೇ ಕೇಳಿಕೊಂಡಿರಬೇಕು, ನರ್ಸಮ್ಮ ಗಾಲಿಯಿರುವ ಹಸಿರು ಪರದೆಯನ್ನು ತಳ್ಳಿಕೊಂಡು ಬಂದಳು. ನಾನು ಎದ್ದು ಅಡ್ಡ ನಿಂತೆ. ಹಿಂದಿನ ವಾರ ಆ ಪರದೆ ಒಂದಾದ ಮೇಲೊಂದರಂತೆ ಎರಡು ಹಾಸಿಗೆಗಳ ಸುತ್ತ ನಿಂತಿತ್ತು. ಎರಡೂ ಪರದೆ ಬಂದ ದಿನವೇ ಖಾಲಿಯಾಗಿದ್ದವು.

"ತಗೊಂಡು ಹೋಗಮ್ಮ ಅದನ್ನ! ನನ್ನ ಗಂಡ ಇನ್ನೂ ಬದುಕಿದ್ದಾರೆ" ಎಂದು ಕೂಗಾಡಿದೆ. ಇಡೀ ವಾರ್ಡು ನನ್ನತ್ತ ತಿರುಗಿತು.

ಇವರು ಏನೋ ಹೇಳಲು ಕೈಯೆತ್ತಿದರು. ಆ ಕೈಯನ್ನು ಹೊದಿಕೆಯೊಳಗೆ ಸೇರಿಸಿ, "ಸುಮ್ನಿರಿ, ಮನೆಗೆ ಹೋದ್ಮೇಲೆ ಹೇಳೋರಂತೆ" ಅಂದೆ. ಮನೆಯಲ್ಲಿ ಯಾವ ಜಾಗವಿದೆ ಅಂತ ಹಾಗಂದೆನೋ! ಪರದೆ ವಾಪಸು ಹೋಗುವುದನ್ನೇ ಅವರು ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ, ಅಷ್ಟೂ ರೋಗಿಗಳು, ಅವರ ಕಡೆಯವರು ನೋಡುತ್ತಿರುವಾಗಲೇ ಉಸಿರು ನಿಂತಿತು.

ಆಗ ಪರದೆ ಬಂತು. ಈ ಸಲ ನನ್ನನ್ನು ಯಾರೂ ಕೇಳಲಿಲ್ಲ. "ಹತ್ತು ನಿಮಿಷ ಕೂತಿರಿ ಅಮ್ಮ, ಯಾರೂ ಬರಲ್ಲ" ಎಂದು ನರ್ಸಮ್ಮ ಹೊರಗೆ ಹೋದಳು. ಕಂಡಕ್ಟರ್ ಕೂಡ ಕೆಮ್ಮು ತಡೆದುಕೊಂಡಂತಿತ್ತು.

ಹುಚ್ಚಿ ನಾನು, ನಾನೇ ಅವರ ಬಾಯಿ ಮುಚ್ಚಿಸಿದ್ದೆ. ಬಗ್ಗಿ ಅವರ ತುಟಿಗೆ ಕಿವಿಯಿಟ್ಟು, "ಈಗ ಹೇಳ್ರೀ" ಅಂದೆ. ನರ್ಸಮ್ಮ ಬಂದು ಭುಜ ಹಿಡಿದು ಎಬ್ಬಿಸುವವರೆಗೂ ಹಾಗೇ ಬಗ್ಗಿದ್ದೆ.