ಅರ್ಧ ಹೋದ ಪಿನ್ನು

ಭೋಜ ಗ್ರಾಮದ ತುಕಾರಾಮನ ಕಿವಿಗಳು ಸಕ್ಕರೆ ಕಾರ್ಖಾನೆಯಲ್ಲಿ ಹೋಗಿದ್ದವು. ಕಬ್ಬು ಅರೆಯುವ ಯಂತ್ರಗಳ ಬದಿಯಲ್ಲೇ ಅವನ ನೌಕರಿ ಕಳೆದಿತ್ತು. ನಿವೃತ್ತನಾದ ಮೇಲೆ ಎದುರು ನಿಂತವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಫೋನಿಗೆ ಮಾತ್ರ ಹೆಡ್‌ಫೋನ್ ಬೇಕೇ ಬೇಕು. ಎರಡೂ ಕಿವಿಗೆ ಒತ್ತಿ ಹಾಕಿಕೊಂಡು ಸೌಂಡ್ ಪೂರಾ ಏರಿಸಿದರೆ ಮಗಳು ಕಾಂಚನಳ ಮಾತು ಕೇಳಿಸುತ್ತಿತ್ತು. ಆದರೆ ಯಾರಿಂದಲೂ ಕಿವುಡ ಎನ್ನಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಕೇಳಿಸದಿದ್ದಾಗ ನಕ್ಕು "ಹೂಂ" ಅಂದುಬಿಡುತ್ತಿದ್ದ.

ಕಾಂಚನಳನ್ನು ತೆಲಸಂಗಕ್ಕೆ ಕೊಟ್ಟಿದ್ದರು. ಗಂಡ ವಿಕ್ರಾಂತ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವನು ಕುಡಿದು ಬಂದು ಕೈ ಮಾಡುತ್ತಾನೆಂದು ತವರಿಗೆ ಗೊತ್ತಿತ್ತು. ಹಿರಿಯರನ್ನು ಕೂರಿಸಿ ಹೇಳಿಸಿದ ಮೇಲೆ ಸ್ವಲ್ಪ ತಣ್ಣಗಾಗಿದ್ದಾನೆಂದು ತುಕಾರಾಮ ನಂಬಿದ್ದ. ಗಂಡ ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ಕಾಂಚನ ಫೋನ್ ಮಾಡುತ್ತಿದ್ದಳು. ಆ ಹೊತ್ತಿಗೆ ತಾಯಿ ಜನಾಬಾಯಿ ಅಂಗನವಾಡಿಯ ಅಡುಗೆಗೆ ಹೋಗಿರುತ್ತಿದ್ದಳು. ತವರಿನಲ್ಲಿ ಇದ್ದದ್ದು ಒಂದೇ ಫೋನು, ಅದು ತಂದೆಯ ಕೈಯಲ್ಲಿ.

ಆ ಫೋನು ಒಂದು ದಿನ ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟಿತು. ನಿಪ್ಪಾಣಿಯ ಅಮೋಲನ ಅಂಗಡಿಯಿಂದ ತುಕಾರಾಮ ಹೊಸ ಸ್ಮಾರ್ಟ್‌ಫೋನ್ ತಂದ. ಮನೆಗೆ ಬಂದು ಹೆಡ್‌ಫೋನಿನ ಪಿನ್ನು ಚುಚ್ಚಿದರೆ ಅದು ನಡುವೆಯೇ ನಿಂತಿತು. ಬಂಗಾರದ ಬಣ್ಣದ ಪಿನ್ನು ಅರ್ಧ ಹೊರಗೇ ಕಾಣುತ್ತಿತ್ತು. ಇನ್ನೂ ಒತ್ತಲು ಕೈ ಬರಲಿಲ್ಲ. ಹೊಸದು, ಒಳಗೆ ಏನಾದರೂ ಮುರಿದರೆ?

ಪಿನ್ನು ಹಾಗೆ ಅರ್ಧಕ್ಕೆ ನಿಂತಿರುವಾಗಲೇ ಕಾಂಚನಳ ಫೋನ್ ಬಂತು. ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು. "ಅಪ್ಪಾ" ಎಂಬುದೊಂದು ತಿಳಿಯಿತು. ಆಮೇಲೆ ಅವಳು ಬಹಳ ಹೊತ್ತು ಮಾತಾಡಿದಳು. ತುಕಾರಾಮ ನಡುನಡುವೆ "ಹೂಂ, ಹೂಂ" ಅನ್ನುತ್ತ ಕೂತ. ಕೊನೆಗೆ ಅವಳೇನೋ ಕೇಳಿ ಸುಮ್ಮನಾದಳು. ಉತ್ತರಕ್ಕೆ ಕಾಯುತ್ತಿದ್ದಾಳೆಂದು ಗೊತ್ತಾಯಿತು. ಯಾವಾಗಿನಂತೆ ಹಬ್ಬಕ್ಕೆ ಬರುವ ಮಾತಿರಬೇಕು ಎಂದುಕೊಂಡ.

"ಈಗ ಯಾಕ್ ಅವಸರಾ? ಅಲ್ಲೇ ಇರು. ದೀಪಾವಳಿಗೆ ನಾನ ಬಂದು ಕರ್ಕೊಂಡ ಬರ್ತೀನಿ" ಅಂದ.

ಅತ್ತ ಸದ್ದಿಲ್ಲ. ನೋಡಿದರೆ ಫೋನ್ ಕಟ್ಟಾಗಿತ್ತು.

ಮನಸ್ಸಿಗೆ ಸರಿಬರಲಿಲ್ಲ. ಪರೀಕ್ಷೆಗೆಂದು ಅಂಬೇಡ್ಕರರ ಮೇಲಿನ ಒಂದು ಭೀಮಗೀತೆ ಹಚ್ಚಿದ. ಡೋಲಕಿ ಕೇಳಿಸಿತು, ಹಾರ್ಮೋನಿಯಂ ಸಣ್ಣಗೆ ಕೇಳಿಸಿತು, ಹಾಡುವವರ ದನಿಯೇ ಇಲ್ಲ. ಪಿನ್ನು ಒರೆಸಿದ. ತೂತಿಗೆ ಬಾಯಿಯಿಂದ ಊದಿದ. ಮೇಲಿನ ಕವರ್ ತೆಗೆದು ಚುಚ್ಚಿದ. ಪಕ್ಕದ ಮನೆಯವರ ಹೆಡ್‌ಫೋನ್ ತಂದು ನೋಡಿದ. ಅದೂ ಅಲ್ಲೇ ಬಂದು ನಿಂತಿತು. ಸಂಜೆ ಜನಾಬಾಯಿ, "ಕಾಂಚಿ ಫೋನ್ ಮಾಡಿದ್ಲೇನ್ರಿ? ಏನಂದ್ಲು?" ಎಂದು ಕೇಳಿದಾಗ, "ಆರಾಮ ಅದಾಳ" ಅಂದ.

ಮುಂದೆ ಕಾಂಚನಳ ಫೋನ್ ಬರಲಿಲ್ಲ. ವಾರದ ಸಂತೆಗೆ ನಿಪ್ಪಾಣಿಗೆ ಹೋದವನು ಅಮೋಲನ ಮುಂದೆ ಫೋನಿಟ್ಟ. ಅಮೋಲ ತೂತಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಪಿನ್ನು ನೆಟ್ಟಗೆ ಹಿಡಿದು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ. ಟಕ್ಕೆಂದು ಒಳಗೆ ಹೋಯಿತು.

"ಏನೂ ಆಗಿಲ್ರಿ ಕಾಕಾ. ಹೊಸಾದು, ಬಿಗಿ ಐತಿ. ನೀವು ಅಂಜಿ ಅರ್ಧಕ್ಕ ಬಿಟ್ಟೀರಿ, ಅದಕ್ಕ ಮಾತು ಕೇಳ್ಸಿಲ್ಲ. ಈಗ ಯಾರಿಗರೆ ಫೋನ್ ಹಚ್ಚಿ ನೋಡ್ರಿ."

ತುಕಾರಾಮ ಅಲ್ಲೇ ನಿಂತು ಮಗಳಿಗೆ ಹಚ್ಚಿದ. ಎತ್ತಿದ್ದು ಬೇರೆ ಹೆಂಗಸು.

"ನಾ ಅಕ್ಕುತಾಯಿರಿ, ಕಾಂಚನಾನ ಬಾಜೂ ಮನಿಯಾಕಿ. ಅಥಣಿ ದವಾಖಾನ್ಯಾಗ ಅದೀವ್ರಿ."

ಪ್ರತಿಯೊಂದು ಅಕ್ಷರವೂ ಸ್ವಚ್ಛವಾಗಿ ಕೇಳಿಸುತ್ತಿತ್ತು.

"ನಿನ್ನೆ ಅಕೀ ಗಂಡ ಹೊಟ್ಟಿಗೆ ಒದ್ದಾನ್ರಿ. ಹೊಟ್ಟ್ಯಾಗಿನ ಕೂಸು ಉಳೀಲಿಲ್ಲ. ನಿಮಗ ಫೋನ್ ಮಾಡೂಣು ಅಂದ್ರ ಅಕೀನ ಬ್ಯಾಡ ಅಂದ್ಲು. ಹೊಟ್ಟೀಲೆ ಅದೀನಿ, ಇಲ್ಲಿದ್ರ ಕೊಲ್ತಾನು, ಬರ್ಲೇನು ಅಂತ ನಿಮ್ಮನ್ನ ಕೇಳಿದ್ಲಂತಲ್ರಿ. ಅಲ್ಲೇ ಇರು ಅಂದಿರಂತ?"

ತುಕಾರಾಮ ಸಂತೆಯ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದ.

ಊರಿಗೆ ಹೋಗಿ ಜನಾಬಾಯಿಯನ್ನು ಕರೆದುಕೊಂಡು ಅಥಣಿ ಮುಟ್ಟುವಷ್ಟರಲ್ಲಿ ಹೊತ್ತಿಳಿದಿತ್ತು. ಬಸ್ಸಿನಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ.

ಕಾಂಚನಳ ಮುಖ ಒಂದು ಕಡೆ ಊದಿ ಕಪ್ಪಾಗಿತ್ತು. ತಾಯಿ ತಲೆ ಸವರುವವರೆಗೂ ಅವಳು ಗೋಡೆಯ ಕಡೆಗೇ ಮಲಗಿದ್ದಳು. ತುಕಾರಾಮ ಮಂಚದ ಕಾಲ ಬಳಿ ನಿಂತು, "ಹೆಡ್‌ಫೋನ್ ಪೂರಾ ಹೋಗಿರ್ಲಿಲ್ಲವ್ವಾ. ನೀ ಅಂದಿದ್ದು ನನಗ ಒಂದೂ ಕೇಳ್ಸಿರ್ಲಿಲ್ಲ" ಅಂದ.

ಅವಳು ಏನೋ ಹೇಳಿದಳು. ಊದಿದ ತುಟಿಯನ್ನು ಅವನಿಂದ ಓದಲಾಗಲಿಲ್ಲ. ಹೆಂಡತಿಯ ಮುಖ ನೋಡಿದ. ಜನಾಬಾಯಿ ಅವನ ಕಿವಿಗೆ ಬಾಯಿ ತಂದು, ವಾರ್ಡಿನ ಮಂದಿಯೆಲ್ಲ ತಿರುಗಿ ನೋಡುವಂತೆ ಕೂಗಿ ಹೇಳಿದಳು: "ಕೇಳ್ಸಲಿಲ್ಲ ಅಂತ ಒಂದ್ ಮಾತು ಅಂದಿದ್ರ ಸಾಕಿತ್ತಲ್ಲಪ್ಪಾ ಅನ್ನಾಕತ್ತಾಳ್ರಿ!"

ಮರುದಿನ ಪೊಲೀಸರು ಬಂದರು. ಅಷ್ಟರಲ್ಲಿ ವಿಕ್ರಾಂತನ ಕಡೆಯವರು ವರಾಂಡದಲ್ಲಿ ಸೇರಿ, ಜಾರಿ ಬಿದ್ದಾಳೆ, ಜಗಳವೇ ಇರಲಿಲ್ಲ, ಇದ್ದಿದ್ದರೆ ತವರಿಗೆ ಹೇಳುತ್ತಿರಲಿಲ್ಲವೇ ಎಂದು ವಾದ ಹಚ್ಚಿದ್ದರು. ಹವಾಲ್ದಾರ ತುಕಾರಾಮನ ಮುಂದೆ ನಿಂತು ನಿಧಾನವಾಗಿ ಕೇಳಿದ: "ಮಗಳು ನಿಮಗ ಮದ್ಲ ಏನರೆ ಹೇಳಿದ್ಲೇನ್ರಿ?"

ತುಕಾರಾಮ ಸುತ್ತ ನೆರೆದವರನ್ನು ನೋಡಿದ.

"ಹೇಳಿದ್ಲು ಸಾಹೇಬ್ರ. ಫೋನ್ ಮಾಡಿ, ಕೊಲ್ತಾನು ಅಂತ ಹೇಳಿದ್ಲಂತ. ನಾ ಕಿವುಡ ಅದೀನ್ರಿ. ಕೇಳಿಸ್ದಿದ್ರೂ ಹೂಂ ಅಂದ್ನಿ. ಬರ್ಕೋರ್ರಿ."

ವಿಕ್ರಾಂತನನ್ನು ಅಂದೇ ಹಿಡಿದೊಯ್ದರು. ಕೇಸು ನಿಲ್ಲುತ್ತದೋ ಬಿಡುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಡಿಸ್ಚಾರ್ಜ್ ಆದ ದಿನ ಮೂವರೂ ಬಸ್ಸು ಹತ್ತಿದರು. ತಾಯಿ, ಮಗಳು ಮುಂದಿನ ಸೀಟಿನಲ್ಲಿ, ತುಕಾರಾಮ ಹಿಂದೆ. ಚಿಕ್ಕೋಡಿ ದಾಟುವಾಗ ಕಾಂಚನ ಹಿಂದೆ ಅರ್ಧ ತಿರುಗಿ ಏನೋ ಕೇಳಿದಳು; ಅವಳ ತುಟಿ ಅವನಿಗೆ ಪೂರಾ ಕಾಣಲಿಲ್ಲ. ವಾರ್ಡಿನಲ್ಲಿ ಆ ಒಂದು ಮಾತು ಅಂದ ಮೇಲೆ ಅವಳು ಅವನ ಕಡೆ ತಿರುಗಿದ್ದು ಇದೇ ಮೊದಲು.

"ಕೇಳ್ಸಲಿಲ್ಲವ್ವಾ. ಇನ್ನೊಮ್ಮೆ ಹೇಳು."

ಅವಳು ಅವನನ್ನೇ ಒಂದು ಗಳಿಗೆ ನೋಡಿದಳು. ಮತ್ತೆ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿದಳು. ಜನಾಬಾಯಿ ಹೆಬ್ಬೆರಳನ್ನು ಬಾಯಿಗೆ ಹಿಡಿದು, ನೀರು ಎಂದು ಸನ್ನೆ ಮಾಡಿದಳು. ತುಕಾರಾಮ ಚೀಲದಿಂದ ಬಾಟಲಿ ತೆಗೆದು ಮುಂದೆ ಕೊಟ್ಟ.