ಹೆಬ್ಬೆರಳಿನ ಪರೀಕ್ಷೆ

ಭಾವ ಹದಿನಾಲ್ಕು ವರ್ಷ ಕ್ರೇನ್ ಓಡಿಸಿದವನು. ಮೈದುನ ಅಷ್ಟೂ ವರ್ಷ ನೆಲದ ಮೇಲೆ ನಿಂತು ಅವನಿಗೆ ಸನ್ನೆ ಕೊಟ್ಟವನು. ಮೇಲಿನ ಗೂಡಿನಲ್ಲಿ ಕೂತವನಿಗೆ ಕೆಳಗಿನ ಸರಕು ಎಷ್ಟೋ ಸಲ ಕಾಣುವುದೇ ಇಲ್ಲ. ವಾಕಿಟಾಕಿ ಕೈಕೊಟ್ಟಾಗ ಮೈದುನ ಕ್ರೇನಿನ ಕಂಬಕ್ಕೆ ಸ್ಪ್ಯಾನರಿನಿಂದ ಬಡಿಯುತ್ತಿದ್ದ. ಒಂದು ಬಡಿತ ಎಂದರೆ ಎತ್ತು, ಎರಡು ಎಂದರೆ ಇಳಿಸು. ಭಾವ ಯಾಕೆ, ಏನು ಎಂದು ಕೇಳದೆ ಹಾಗೇ ಮಾಡುತ್ತಿದ್ದ.

ಅಂಥವನು ಕ್ರೇನಿನ ಏಣಿಯಿಂದ ಜಾರಿ ಬಿದ್ದು ಎರಡು ತಿಂಗಳಾಗಿತ್ತು. ಬೆನ್ನುಹುರಿ ಪೂರ್ತಿ ಕಡಿದಿಲ್ಲ ಎಂದು ಡಾಕ್ಟರು ಹೇಳಿದಾಗ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗಿತ್ತು. ತೊಡೆಯೇನೋ ಅಲುಗುತ್ತಿತ್ತು, ಆದರೆ ಪಾದ ಎಲ್ಲಿದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಫಿಸಿಯೋಥೆರಪಿ ವಾರ್ಡಿನವರದು ಮಹಾ ಕಟ್ಟುನಿಟ್ಟು. ಪ್ರತಿ ಶುಕ್ರವಾರ ಪರೀಕ್ಷೆ. ಸತತ ಮೂರು ವಾರ ಸುಧಾರಣೆ ಕಾಣದಿದ್ದರೆ ಗಾಲಿಕುರ್ಚಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಎರಡು ವಾರ ಆಗಲೇ ಮುಗಿದಿತ್ತು.

ಮೂರನೆಯ ಶುಕ್ರವಾರ ಫಿಸಿಯೋ ಮೇಡಂ ಭಾವನ ಕಣ್ಣು ಮುಚ್ಚಿಸಿ, ಅವನ ಕಾಲಿನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಬಾಗಿಸಿದರು.

“ಮೇಲಾ, ಕೆಳಗಾ?”

ಭಾವನ ಹಣೆಯಲ್ಲಿ ಬೆವರೊಡೆಯಿತು, ಬಾಯಿ ಮಾತ್ರ ತೆರೆಯಲಿಲ್ಲ. ತಲೆಯ ಬಳಿ ಕೂತಿದ್ದ ಮೈದುನ ಮಂಚದ ಕಂಬಿಗೆ ಬೆರಳ ತುದಿಯಿಂದ ಒಂದು ಸಲ ಕುಟ್ಟಿದ.

“ಮೇಲೆ,” ಎಂದ ಭಾವ.

ಹತ್ತಕ್ಕೆ ಒಂಬತ್ತು ಸರಿ. ಆ ಒಂದನ್ನು ಮೈದುನನೇ ಬೇಕೆಂದು ತಪ್ಪಿಸಿದ್ದ; ಕಳ್ಳತನಕ್ಕೂ ಒಂದು ಅಂದಚಂದ ಬೇಡವೇ? ಅವತ್ತು ಭಾವ ಹೆಂಡತಿಗೆ ಫೋನ್ ಮಾಡಿ “ಬೆರಳು ಗೊತ್ತಾಗ್ತಿದೆ ಕಣೇ!” ಎಂದು ಎರಡೆರಡು ಸಲ ಹೇಳಿದ. ಅಬ್ಬಾ ನಿನ್ನ ನಟನೆಯೇ ಎಂದು ಮೈದುನ ಒಳಗೊಳಗೇ ನಕ್ಕ.

ಮರುವಾರವೂ ಅದೇ ಕಥೆ. ಆ ಅಂಕಗಳನ್ನು ನಂಬಿ ಸೋಮವಾರ ಮೇಡಂ ಪಾದ ಮಡಚದಂತೆ ಕಟ್ಟಿದ್ದ ಗಟ್ಟಿ ಪಟ್ಟಿಯನ್ನು ಬಿಚ್ಚಿಸಿ, ಭಾವನನ್ನು ಎರಡು ಸರಳುಗಳ ನಡುವೆ ನಿಲ್ಲಿಸಿದರು. ಪಾದ ಒಳಮಡಚಿಕೊಂಡಿತ್ತು. ಭಾವ ಅದರ ಮೇಲೇ ಮೈಭಾರವನ್ನೆಲ್ಲ ಹಾಕಿದ. ಲಟಕ್ಕೆಂದ ಸದ್ದು ಕೋಣೆಗೆಲ್ಲ ಕೇಳಿಸಿತು; ಬಿದ್ದವನಿಗೆ ಮಾತ್ರ ನೋವೇ ಇರಲಿಲ್ಲ.

“ಬೆರಳು ಇಷ್ಟು ಚೆನ್ನಾಗಿ ಗೊತ್ತಾಗೋರಿಗೆ ಪಾದ ಮಡಚಿದ್ದು ಗೊತ್ತಾಗ್ಲಿಲ್ವಾ?” ಎಂದು ಮೇಡಂ, ತಪ್ಪೆಲ್ಲ ತಮ್ಮದೇ ಎಂಬಂತೆ ಮುಖ ಸಣ್ಣಗೆ ಮಾಡಿಕೊಂಡರು.

ಪ್ಲಾಸ್ಟರ್ ಹಾಕಿಸಿಕೊಂಡು ವಾರ್ಡಿಗೆ ಮರಳಿದ ಮೇಲೆ ಭಾವ ಮೈದುನನ ಕೈ ಹಿಡಿದುಕೊಂಡ.

“ನೀನೇ ನೋಡಿದ್ಯಲ್ಲೋ, ಬೆರಳು ಗೊತ್ತಾಗ್ತಿತ್ತು. ಕಣ್ಣು ಮುಚ್ಚಿದ್ರೆ ಸಾಕು, ಮೇಲೆ, ಕೆಳಗೆ ಅಂತ ಒಳಗಿಂದ ಯಾರೋ ಹೇಳಿದ ಹಾಗಾಗ್ತಿತ್ತು. ಈಗ ಎಲ್ಲಿಗೆ ಹೋಯ್ತೋ?”

ಆಗ ಮೈದುನನಿಗೆ ಅರ್ಥವಾಯಿತು. ಅದು ನಟನೆಯಾಗಿರಲಿಲ್ಲ. ಹದಿನಾಲ್ಕು ವರ್ಷ ಯಾಕೆಂದು ಕೇಳದೆ ಪಾಲಿಸಿದ ಬಡಿತವನ್ನು ಭಾವ ಈಗಲೂ ಹಾಗೇ ಪಾಲಿಸಿದ್ದ. ಪಾಲಿಸುತ್ತಿದ್ದೇನೆ ಎಂಬ ಅರಿವೂ ಅವನಿಗಿರಲಿಲ್ಲ. ಇಬ್ಬರೂ ಸೇರಿ ಆಡಿದ ಆಟ ಎಂದುಕೊಂಡು ಮೈದುನ ನಿರಾಳವಾಗಿದ್ದ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಈ ಮನುಷ್ಯ ಇನ್ನೊಂದು ಕಾಲನ್ನೂ ಮುರಿದುಕೊಳ್ಳುತ್ತಾನೆ.

“ಹೇಳಿದ್ದು ನಾನು, ಭಾವ. ಮಂಚಕ್ಕೆ ಕುಟ್ಟಿ.”

ಭಾವ ಕೈ ಬಿಟ್ಟ.

“ಎಲ್ಲಾ ಸಲಾನೂ?”

“ಎಲ್ಲಾ ಸಲಾನೂ.”

“ಒಂದು ಸಲ ಆದ್ರೂ ನಂದು ಇರ್ಲಿಲ್ವೇನೋ?”

ಮೈದುನ ಇಲ್ಲವೆಂದು ತಲೆಯಾಡಿಸಿದ.

“ನಿನ್ನ ಮುಖ ನೋಡೋಕಾಗ್ತಿಲ್ಲ. ನನ್ನ ಆ ಕಡೆ ತಿರುಗಿಸು.”

ಪ್ಲಾಸ್ಟರಿನ ಭಾರಕ್ಕೆ ಭಾವನಿಗೆ ತಾನಾಗಿ ಮಗ್ಗುಲಾಗಲು ಬರುತ್ತಿರಲಿಲ್ಲ. ಮೇಡಂ ಕಲಿಸಿಕೊಟ್ಟಂತೆ ಮೈದುನ ಭುಜಕ್ಕೊಂದು, ಸೊಂಟಕ್ಕೊಂದು ಕೈ ಕೊಟ್ಟು ಅವನನ್ನು ಗೋಡೆಯ ಕಡೆ ಹೊರಳಿಸಿದ; ಮಂಡಿಗಳ ನಡುವೆ ದಿಂಬಿಟ್ಟ. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟರಲ್ಲಿ ಭಾವ ಗೋಡೆ ನೋಡುತ್ತಲೇ ಕೇಳಿದ:

“ಪಾದ ಸರಿಯಾಗಿ ಇದ್ಯಾ ನೋಡೋ. ನಂಗೆ ಗೊತ್ತಾಗಲ್ಲ.”